ಗಾಲಿಯ ಮನೆಗೊಂದು ಖಾಯಂ ವಿಳಾಸ

ಮಲಗಲು ಹಾಸಿಗೆ, ಬೇಯಿಸಲು ಒಲೆ, ಕೂರಲು ಆಸನ, ಉಣ್ಣಲು ಮೇಜು, ಸಾಮಾನು ತುಂಬಲು ಕಪಾಟು ಇವಿಷ್ಟನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ತನ್ನದೇ ಎಂಜಿನ್ನಿನ ಬಲದಿಂದ ಊರೂರು ತಿರುಗಬಲ್ಲ ಮೋಟಾರು ವಾಹನಕ್ಕೆ ಕ್ಯಾಂಪರ್ ವ್ಯಾನ್ ಎಂದು ಹೆಸರು. ಭಾರತದ ವಾಹನ ಮಾನಕಗಳು, ಅಂದರೆ ವಾಹನವೊಂದು ಹೇಗಿದ್ದರೆ ಸರಿ ಎಂದು ಗೊತ್ತುಪಡಿಸುವ ತಾಂತ್ರಿಕ ನಿಯಮಗಳು, ಇದನ್ನು ಮೋಟಾರ್ ಕ್ಯಾರವಾನ್ ಎಂದು ಕರೆದು, ಎಐಎಸ್ 124 ಎಂಬ ಪ್ರತ್ಯೇಕ ಮಾನಕವನ್ನೇ ಇದಕ್ಕೆಂದು ಮೀಸಲಿಟ್ಟಿವೆ. ಮೇಲೆ ಹೇಳಿದ ಸೌಕರ್ಯಗಳೆಲ್ಲ ವಾಸದ ಭಾಗಕ್ಕೆ ಅಲುಗಾಡದಂತೆ ಭದ್ರವಾಗಿ ಜೋಡಣೆಯಾಗಿರಬೇಕು, ಆಸನವನ್ನೇ ಬಿಚ್ಚಿ ಹಾಸಿಗೆ ಮಾಡಿಕೊಂಡರೂ ನಡೆಯುತ್ತದೆ, ಮೇಜನ್ನು ಮಾತ್ರ ಸುಲಭವಾಗಿ ಕಳಚುವಂತೆ ಇಟ್ಟುಕೊಳ್ಳಬಹುದು ಎಂಬುದು ಅಧಿಕೃತ ವ್ಯಾಖ್ಯೆಯ ಸಾರ. ಚಕ್ಕಂಬಕ್ಕಲ ಹಾಕಿ ನೆಲದ ಮೇಲೆ ಉಣ್ಣುವ ನಾಡಿನಲ್ಲಿ ಮೇಜಿಗೆ ದೊರೆತ ಈ ವಿನಾಯಿತಿ ವಿವೇಕದ್ದೇ ಸರಿ. ಬಚ್ಚಲಿನ ಪ್ರಸ್ತಾಪ ಆ ವ್ಯಾಖ್ಯೆಯಲ್ಲಿಲ್ಲ, ದೇವರ ಗೂಡಿನದೂ ಇಲ್ಲ.

ಈ ವ್ಯಾಖ್ಯೆಯನ್ನು ರೂಪಿಸಿದವರು ಬಿಡದಿಗೂ ಮದ್ದೂರಿಗೂ ನಡುವಿನ ಅಡುಗೆಮನೆಯನ್ನು ಕಂಡವರಲ್ಲವೆಂದು ಧಾರಾಳವಾಗಿ ಊಹಿಸಬಹುದು. ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿದು, ಅದು ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲಿನಿಂದ ಅದುಮಿ ಹಿಡಿದು, ಎರಡೂ ಕೈಯ ಬಲ ಹಾಕಿ ಗಂಟಾಗದಂತೆ ತೊಳಸುವ ಕ್ರಿಯೆಗೆ ಕೆಳಗಿನ ನೆಲ ಗಟ್ಟಿಯಾಗಿ ನಿಂತಿರಬೇಕಾಗುತ್ತದೆ. ಸ್ಪ್ರಿಂಗುಗಳ ಮೇಲೆ ಕೂತ ವಾಹನವಾದರೋ ಕೈಬ್ರೇಕ್ ಎಳೆದು ನಿಲ್ಲಿಸಿದಾಗಲೂ ಪ್ರತಿ ತಿರುವಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ, ಹೊರಗೆ ನಿಂತವರಿಗೆ ಒಳಗೆ ಏನೋ ಜಗಳ ನಡೆಯುತ್ತಿದೆಯೆಂಬ ಭಾವನೆ ಹುಟ್ಟಿಸುತ್ತದೆ. ಹೀಗಿದ್ದರೂ, ನಿವೃತ್ತಿಯ ಹಣ ಕೈಸೇರಿದ ಮೇಲೆ, ಮಕ್ಕಳು ಬೆಂಗಳೂರಿನಲ್ಲಿ ನೆಲೆಯೂರಿದ ಮೇಲೆ, ಹಿತ್ತಲ ತೆಂಗಿನ ಮರಗಳನ್ನು ಗುತ್ತಿಗೆಗೆ ಕೊಟ್ಟ ಮೇಲೆ, ಕೆಂಗಲ್ಲಿನಂಥ ಊರಿನ ಗೃಹಸ್ಥನೊಬ್ಬನಿಗೆ ಗಾಲಿಯ ಮೇಲೆ ಮನೆ ಹೂಡಿಕೊಂಡು ದೇಶ ತಿರುಗುವ ಆಸೆ ಮೂಡುವುದು ಅಸಹಜವೇನಲ್ಲ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದವನು ಹಳೆಯದನ್ನು ಹುಡುಕುತ್ತಾನೆ. ಹಳೆಯದು ಸ್ವಂತ ರಾಜ್ಯದಲ್ಲಿ ಸಿಗುವುದು ಅಪರೂಪವಾದ್ದರಿಂದ ನೆರೆಯತ್ತ ನೋಡುತ್ತಾನೆ. ಪ್ರಸ್ತುತ ಪ್ರಬಂಧವು ಅಂಥವನ ಪ್ರವಾಸವನ್ನಲ್ಲ, ಆ ಪ್ರವಾಸಕ್ಕೆ ಮುಂಚೆ ಅವನ ಕಡತವು ಕೈಗೊಳ್ಳುವ ಪ್ರವಾಸವನ್ನು ಪರಿಶೀಲಿಸುತ್ತದೆ.

ನೆರೆ ಎಂದಾಗ ಮೊದಲು ನೆರೆಯ ದೇಶದ ವಿಚಾರವನ್ನು ಮುಗಿಸಿಬಿಡುವುದು ಒಳ್ಳೆಯದು, ಏಕೆಂದರೆ ಅದು ಬೇಗ ಮುಗಿಯುವಂಥದ್ದು. ಬಳಸಿದ ವಾಹನವನ್ನು ವಿದೇಶದಿಂದ ತರಿಸಿಕೊಳ್ಳುವುದನ್ನು ಭಾರತದ ಆಮದು ನೀತಿ ನಿಷೇಧಿಸಿಲ್ಲ; ಅದು ನಿಷೇಧಕ್ಕಿಂತ ನಾಜೂಕಾದ ಮಾರ್ಗ ಹಿಡಿದಿದೆ. ವಾಹನ ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು, ವೇಗಮಾಪಕ ಕಿಲೋಮೀಟರಿನಲ್ಲಿ ಓದಬೇಕು, ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡುವ ಯೋಗ್ಯತೆ ಅದಕ್ಕಿರಬೇಕು, ಹಡಗು ಹತ್ತುವ ಮೊದಲು ಅಲ್ಲೊಂದು ತಪಾಸಣೆ, ಇಳಿದ ಮೇಲೆ ಪುಣೆಯಂಥ ಕಡೆಯ ಅಧಿಕೃತ ಸಂಸ್ಥೆಯಲ್ಲಿ ಇನ್ನೊಂದು ತಪಾಸಣೆ ಆಗಬೇಕು. ಇಷ್ಟಾದ ಮೇಲೂ ಅದು ಮುಂಬೈ ಬಂದರಿನಿಂದಲೇ ಒಳಬರಬೇಕು. ಧನುಷ್ಕೋಟಿಗೂ ಶ್ರೀಲಂಕಾದ ತಲೈಮನ್ನಾರಿಗೂ ನಡುವೆ ಸುಮಾರು 30 ಕಿಲೋಮೀಟರ್ ನೀರು. ಆ ದಡದಲ್ಲಿ ನಿಂತ ಬಲಗೈ ಸ್ಟೀರಿಂಗಿನ ವ್ಯಾನು ಈ ದಡಕ್ಕೆ ಬರಬೇಕಾದರೆ ಅರ್ಧ ಜಂಬೂದ್ವೀಪವನ್ನು ಸುತ್ತಿ ಮುಂಬೈ ಮುಟ್ಟಬೇಕು. ಮುಟ್ಟಿದ ಮೇಲೆ ಬೀಳುವ ಸುಂಕವೆಲ್ಲ ಸೇರಿ ವಾಹನದ ಬೆಲೆಯನ್ನೇ ಮೀರುತ್ತದೆ. ಅಂದರೆ ಒಂದನ್ನು ಮನೆಗೆ ತರುವವನು ಇನ್ನೊಂದನ್ನು ಸರ್ಕಾರಕ್ಕೆ ಕೊಡಿಸಿದಂತೆ ಲೆಕ್ಕ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಊರು ಇಂದಿಗೂ ಇದೆ, ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ತಿಳಿವಳಿಕೆಯೂ ಈ ಸೀಮೆಯವರಿಗೆ ಪರಂಪರೆಯಿಂದ ಬಂದಿದೆ. ಆದಕಾರಣ ಇಲ್ಲಿಯವರು ಆ ದಾರಿಗೆ ಹೋಗುವುದಿಲ್ಲ.

ಹೋದವರು ಇಲ್ಲವೆಂದಲ್ಲ. 2025ರ ಸೆಪ್ಟೆಂಬರಿನಲ್ಲಿ ಕಸ್ಟಮ್ಸ್ ಇಲಾಖೆಯವರು ‘ಆಪರೇಷನ್ ನುಮ್‌ಖೋರ್’ ಎಂಬ ಹೆಸರಿನಲ್ಲಿ ಕೇರಳದ ಹಲವೆಡೆ ಶೋಧ ನಡೆಸಿ, ಭೂತಾನಿನಿಂದ ಅಕ್ರಮವಾಗಿ ಗಡಿ ದಾಟಿಸಿ, ಬೇರೆ ರಾಜ್ಯಗಳಲ್ಲಿ ನಕಲಿ ದಾಖಲೆಯಿಂದ ನೋಂದಾಯಿಸಿದ್ದೆಂಬ ಆರೋಪದ ಮೇಲೆ ಹಳೆಯ ಐಷಾರಾಮಿ ಗಾಡಿಗಳನ್ನು ವಶಕ್ಕೆ ಪಡೆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಹಿಮಾಲಯದ ತಪ್ಪಲಿನ ವಾಹನ ಅರಬ್ಬೀ ಸಮುದ್ರದ ದಂಡೆಯವರೆಗೆ ಓಡಿಬಂದ ಆ ದಾರಿಯ ಉದ್ದವನ್ನು ನೆನೆದರೆ, ಹಳೆಯ ಗಾಡಿಯ ಮೋಹ ಎಂಥದೆಂಬುದು ತಿಳಿಯುತ್ತದೆ. ವಿದೇಶೀ ಪ್ರವಾಸಿಗರ ವಿಷಯ ಬೇರೆ. ಯುರೋಪಿನಿಂದ ತಮ್ಮದೇ ವ್ಯಾನು ಓಡಿಸಿಕೊಂಡು ಗೋಕರ್ಣಕ್ಕೋ ಹಂಪಿಗೋ ಬರುವವರು ‘ಕಾರ್ನೆ’ ಎಂಬ ಪುಸ್ತಕ ಹೊಂದಿರುತ್ತಾರೆ. ಅದು ವಾಹನಕ್ಕೆ ನೀಡುವ ಪಾಸ್‌ಪೋರ್ಟ್ ಇದ್ದಂತೆ, ಗಡಿಯಲ್ಲಿ ಒಳಬರುವಾಗ ಒಂದು ಮುದ್ರೆ, ಹೊರಹೋಗುವಾಗ ಒಂದು ಮುದ್ರೆ, ನಡುವೆ ಸುಂಕವಿಲ್ಲ. ಆದರೆ ಅಂಥ ವ್ಯಾನನ್ನು ಇಲ್ಲೇ ಯಾರಿಗಾದರೂ ಮಾರಿ ವಿಮಾನ ಹತ್ತುವಂತಿಲ್ಲ. ಬಂದದ್ದು ಹಿಂತಿರುಗಲೇಬೇಕೆಂಬ ಷರತ್ತಿನ ಮೇಲೆ ಬರುವ ವಸ್ತುವಿನಿಂದ ಕೆಂಗಲ್ಲಿನ ಗೃಹಸ್ಥನಿಗೆ ಪ್ರಯೋಜನವಿಲ್ಲ.

ಉಳಿದದ್ದು ನೆರೆಯ ರಾಜ್ಯ. ಕೆಂಗಲ್ಲಿನಿಂದ ಹೊರಟು ಬೆಂಗಳೂರನ್ನು ಬಳಸಿ, ಅತ್ತಿಬೆಲೆಯನ್ನು ದಾಟಿದರೆ ಹೊಸೂರು. ಒಟ್ಟು ದೂರ ನೂರು ಕಿಲೋಮೀಟರಿನ ಆಸುಪಾಸು. ಅಲ್ಲಿ ಕನ್ನಡ ನಡೆಯುತ್ತದೆ, ಊಟವೂ ಒಗ್ಗುತ್ತದೆ, ಸಂಬಂಧಗಳೂ ಇವೆ. ತಮಿಳುನಾಡಿನ ಸೀಮೆಯಿಂದ ರೇಷ್ಮೆಗೂಡು ಹೊತ್ತ ಗಾಡಿಗಳು ರಾಮನಗರದ ಮಾರುಕಟ್ಟೆಗೆ ಬರುವುದು, ಅಲ್ಲಿಯ ಹರಾಜಿನಲ್ಲಿ ಗೂಡು ಬಿಕರಿಯಾಗಿ ಇಲ್ಲಿಯ ನೂಲು ಬಿಚ್ಚಣಿಕೆ ಘಟಕಗಳಲ್ಲಿ ರೇಷ್ಮೆಯಾಗುವುದು ಹಳೆಯ ರೂಢಿ. ಗೂಡಿಗೆ ನೋಂದಣಿ ಸಂಖ್ಯೆಯಿಲ್ಲ. ಗೂಡಿನೊಳಗಿನ ಹುಳು ಚಲಿಸುವ ಮನೆಯಲ್ಲಿ ವಾಸಿಸುತ್ತಿದೆಯೆಂದು ಯಾವ ಕಚೇರಿಯೂ ಆಕ್ಷೇಪಿಸಿಲ್ಲ. ಗೃಹಸ್ಥನ ವ್ಯಾನಿನ ವಿಚಾರದಲ್ಲಿ ಹಾಗಲ್ಲ.

1989ರ ಜುಲೈ 1ರಿಂದ ಜಾರಿಗೆ ಬಂದ 1988ರ ಮೋಟಾರು ವಾಹನ ಅಧಿನಿಯಮದ 46ನೇ ಕಲಮು, ಯಾವುದೇ ರಾಜ್ಯದಲ್ಲಿ ನೋಂದಾಯಿತವಾದ ವಾಹನ ಭಾರತದಾದ್ಯಂತ ಮಾನ್ಯವೆಂದು ಹೇಳಿ ಮನಸ್ಸಿಗೆ ಸಮಾಧಾನ ಕೊಡುತ್ತದೆ. ಓದುಗನು ಅಲ್ಲಿಗೇ ಪುಸ್ತಕ ಮುಚ್ಚಬೇಕು. ಮುಚ್ಚದೆ ಮುಂದಿನ ಕಲಮಿಗೆ ಕಣ್ಣು ಹಾಯಿಸಿದರೆ, ಬೇರೆ ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗೂ ಮೀರಿ ಇಟ್ಟುಕೊಂಡರೆ ಅಲ್ಲಿಯ ಹೊಸ ಸಂಖ್ಯೆ ಪಡೆಯತಕ್ಕದ್ದೆಂಬ ವಿಧಿ ಎದುರಾಗುತ್ತದೆ. ಕರ್ನಾಟಕವು 2014ರಲ್ಲಿ ತನ್ನ ತೆರಿಗೆ ಕಾನೂನಿಗೆ ತಿದ್ದುಪಡಿ ತಂದು 30 ದಿನ ಮೀರಿದ ಹೊರರಾಜ್ಯದ ಗಾಡಿಗಳಿಂದ ಜೀವಾವಧಿ ತೆರಿಗೆ ಕೇಳಿದ್ದೂ, ಅದು ನ್ಯಾಯಾಲಯದ ಮೆಟ್ಟಿಲೇರಿ ಅಲ್ಲಿ ನಿಲ್ಲದೆ ಹೋದದ್ದೂ ಬೆಂಗಳೂರಿನ ರಸ್ತೆಗಳಲ್ಲಿ ಗಾಡಿ ಓಡಿಸುವ ಎಲ್ಲರಿಗೂ ನೆನಪಿರಬಹುದು. 2021ರಲ್ಲಿ ಬಂದ ‘ಬಿಎಚ್’ ಸರಣಿ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ಹೋದರೂ ಬದಲಾಗದ ಸಂಖ್ಯೆ, ವರ್ಗಾವಣೆಯಾಗುವ ಸರ್ಕಾರಿ ನೌಕರರಿಗೂ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಸಂಸ್ಥೆಗಳ ನೌಕರರಿಗೂ ದೊರೆಯುತ್ತದೆ. ಉಪ್ಪರಿಗೆಯಿಂದ ತೆಂಗಿನ ತೋಟಕ್ಕೆ ಮಾತ್ರ ವರ್ಗಾವಣೆಯಾಗುವ ನಿವೃತ್ತನಿಗೆ ಅದು ಅನ್ವಯಿಸದು.

ಖರೀದಿಯ ಹಂತಕ್ಕೆ ಬಂದರೆ, ಈ ಭಾಗದವರಿಗೆ ಅದರಲ್ಲಿ ತಲೆಮಾರುಗಳ ತರಬೇತಿಯಿದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಕೆಂಗಲ್ ಆಂಜನೇಯಸ್ವಾಮಿ ದೇವಾಲಯದ ಬಳಿ ನೆರೆಯುವ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಕೊಳ್ಳುವವನು ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಆಮೇಲೆ ಸುಳಿ ನೋಡುತ್ತಾನೆ, ಹತ್ತು ಹೆಜ್ಜೆ ನಡೆಸಿ ಕಾಲಿನ ಲಯ ಗಮನಿಸುತ್ತಾನೆ, ಕೊಂಬು ಹೆರೆದು ಎಣ್ಣೆ ಹಚ್ಚಿ ಪ್ರಾಯ ಮರೆಸಿದ್ದಾರೆಯೇ ಎಂದು ಸಂಶಯಪಡುತ್ತಾನೆ. ದಲ್ಲಾಳಿಯಾದವನು ಟವಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಹಳೆಯ ವ್ಯಾನಿನ ವ್ಯಾಪಾರ ಇದಕ್ಕಿಂತ ಭಿನ್ನವಲ್ಲ. ಇಲ್ಲಿ ಹಲ್ಲಿನ ಜಾಗದಲ್ಲಿ ಕಿಲೋಮೀಟರ್ ಮೀಟರು, ಸುಳಿಯ ಜಾಗದಲ್ಲಿ ಬಣ್ಣದ ಕೆಳಗೆ ಅಡಗಿದ ಡಿಕ್ಕಿಯ ಗುರುತು, ಎಣ್ಣೆಯ ಜಾಗದಲ್ಲಿ ಪಾಲಿಷ್. ಮೀಟರನ್ನು ಹಿಂದಕ್ಕೆ ತಿರುಗಿಸಬಲ್ಲ ತಜ್ಞರು ಎಲ್ಲ ಊರಿನಲ್ಲೂ ಇದ್ದಾರೆ, ಎತ್ತಿನ ಹಲ್ಲನ್ನು ಹಿಂದಕ್ಕೆ ತಳ್ಳುವ ತಜ್ಞ ಇನ್ನೂ ಹುಟ್ಟಿಲ್ಲ. ಈ ಒಂದು ವಿಷಯದಲ್ಲಿ ಎತ್ತೇ ಹೆಚ್ಚು ನಂಬಿಕಸ್ಥ ಎನ್ನಬೇಕು. ವ್ಯಾನಿನ ಒಳಭಾಗವನ್ನು ಪರೀಕ್ಷಿಸುವ ಹೊಣೆ ಸಾಮಾನ್ಯವಾಗಿ ಗೃಹಿಣಿಯ ಮೇಲೆ ಬೀಳುತ್ತದೆ. ಎಂಜಿನ್ನಿನ ವಿಚಾರದಲ್ಲಿ ಮಾತಾಡದ ಆಕೆ ಒಲೆಯ ಬುಡಕ್ಕೆ ಕೈಹಾಕಿ, ಜಿಡ್ಡು ಕೆರೆದು ನೋಡಿ, ‘ರೀ, ಇದರಾಗೆ ಅವರು ಬರೀ ಕಾಫಿ ಕಾಯಿಸವ್ರೆ, ಅಡಿಗೆ ಮಾಡಿಲ್ಲ’ ಎಂದು ಮೊದಲ ಮಾಲೀಕರ ಸಂಸಾರದ ಬಗ್ಗೆ ತೀರ್ಪು ಕೊಡುತ್ತಾಳೆ. ಮೀಟರಿಗಿಂತ ಈ ತೀರ್ಪನ್ನೇ ನಂಬಬಹುದು.

ಹಣ ಕೊಟ್ಟ ಮೇಲೆ ನಿರಾಕ್ಷೇಪಣಾ ಪತ್ರದ ಕಾಂಡ ಆರಂಭವಾಗುತ್ತದೆ. ಜನರ ಬಾಯಲ್ಲಿ ಎನ್‌ಒಸಿ ಎನಿಸಿಕೊಂಡ ಇದು, ವಾಹನ ತನ್ನ ತವರು ಬಿಟ್ಟುಹೋಗಲು ತವರಿನ ಸಾರಿಗೆ ಕಚೇರಿಯ ತಕರಾರಿಲ್ಲವೆಂದು ಹೇಳುವ ಕಾಗದ. 28ನೇ ನಮೂನೆಯಲ್ಲಿ ಅರ್ಜಿ ಹಾಕಿ ಇದನ್ನು ಪಡೆಯಬೇಕು. ತೆರಿಗೆ ಬಾಕಿಯಿಲ್ಲ, ಬ್ಯಾಂಕಿನ ಸಾಲ ತೀರಿದೆ, ವಾಹನದ ಮೇಲೆ ಯಾವ ಪೊಲೀಸ್ ಪ್ರಕರಣವೂ ಇಲ್ಲ, ಇದು ಕಳವಿನ ಮಾಲಲ್ಲ ಎಂಬಿವನ್ನೆಲ್ಲ ರುಜುವಾತುಪಡಿಸಬೇಕು. ಅರ್ಜಿ ಬಂದ 30 ದಿನದೊಳಗೆ ಕಚೇರಿಯು ನಿರಾಕರಿಸದೆ ಸುಮ್ಮನಿದ್ದರೆ ಪತ್ರ ಕೊಟ್ಟಂತೆಯೇ ಎಂದು ಭಾವಿಸತಕ್ಕದ್ದೆಂದು 48ನೇ ಕಲಮು ಅತ್ಯಂತ ಉದಾರವಾಗಿ ಹೇಳುತ್ತದೆ. ಮೌನವೇ ಸಮ್ಮತಿ ಎಂಬ ಹಳೆಯ ನ್ಯಾಯ ಇಲ್ಲಿ ಶಾಸನವಾಗಿದೆ. ಆದರೆ ಭಾವಿಸಿಕೊಂಡ ಕಾಗದಕ್ಕೆ ಮೊಹರು ಇರುವುದಿಲ್ಲ, ಮೊಹರಿಲ್ಲದ ಭಾವನೆಯನ್ನು ಇನ್ನೊಂದು ರಾಜ್ಯದ ಕಿಟಕಿಯೊಳಗೆ ತೂರಿಸಲಾಗದು. ಹೀಗಾಗಿ ಕಾನೂನಿನ ಈ ಔದಾರ್ಯವನ್ನು ಅನುಭವಿಸಿದವರು ವಿರಳ.

ಈ ಕಾಗದಪತ್ರಗಳ ನಡುವೆ ಶುದ್ಧ ಕೈಕೆಲಸವೊಂದಿದೆ. ಅದನ್ನು ವಿವರವಾಗಿ ದಾಖಲಿಸುವುದು ಅಗತ್ಯ. ಚಾಸಿ ಎಂದರೆ ವಾಹನದ ಎಲುಬುಗೂಡು. ಅದರ ಮೇಲೆ ಕಾರ್ಖಾನೆಯಲ್ಲೇ ಕೊರೆದ 17 ಅಕ್ಷರ ಮತ್ತು ಅಂಕಿಗಳ ಸಂಖ್ಯೆಯಿರುತ್ತದೆ, ಅದರ ಅಚ್ಚನ್ನು ಪೆನ್ಸಿಲಿನಿಂದ ತೆಗೆದು ಅರ್ಜಿಗೆ ಅಂಟಿಸಬೇಕು. ಗೋಣಿಚೀಲ ಹಾಸಿಕೊಂಡು ವ್ಯಾನಿನ ಕೆಳಗೆ ಅಂಗಾತ ಮಲಗಿ, ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ವರ್ಷಗಟ್ಟಲೆ ಕೂತ ಗ್ರೀಸು, ಕೆಸರು, ಡಾಂಬರಿನ ಹಕ್ಕಳೆಗಳನ್ನು ಉಜ್ಜಿ ತೆಗೆದರೆ ಮೊದಲು ಒಂದು 4 ಕಾಣಿಸುತ್ತದೆ, ಆಮೇಲೆ ಒಂದು ಗೀರು, ಅದು 1 ಇರಬಹುದು, ಗೀರೇ ಇರಬಹುದು. ತೆಳುವಾದ ಬಿಳಿ ಕಾಗದವನ್ನು ಅದರ ಮೇಲೆ ಎಡಗೈ ಹೆಬ್ಬೆರಳಿನಿಂದ ಒತ್ತಿಹಿಡಿದು, ಪೆನ್ಸಿಲನ್ನು ಚೂಪಾಗಿಸದೆ ಅಡ್ಡಲಾಗಿ ಮಲಗಿಸಿ, ಒಂದೇ ದಿಕ್ಕಿಗೆ ಹಗುರವಾಗಿ ತೀಡಬೇಕು. ಒತ್ತಿ ತೀಡಿದರೆ ಕಾಗದ ಹರಿಯುತ್ತದೆ, ಕಾಗದ ಜಾರಿದರೆ 8 ಹೋಗಿ ಬಿ ಆಗುತ್ತದೆ, ಎಸ್ ಹೋಗಿ 5 ಆಗುತ್ತದೆ. ಸೊನ್ನೆಗೂ ಓ ಅಕ್ಷರಕ್ಕೂ ಗೊಂದಲವಾದೀತೆಂದು ಈ ಸಂಖ್ಯೆಯಲ್ಲಿ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳನ್ನು ಬಳಸಲೇಬಾರದೆಂದು ಜಗತ್ತಿನ ವಾಹನ ತಯಾರಕರು ಒಪ್ಪಿಕೊಂಡಿದ್ದಾರೆ; ವ್ಯಾನಿನ ಕೆಳಗೆ ಮಲಗುವವನ ಬಗ್ಗೆ ಇಡೀ ವ್ಯವಸ್ಥೆಯಲ್ಲಿ ಯಾರಾದರೂ ಕನಿಕರ ತೋರಿದ್ದರೆ ಇಲ್ಲಿ ಮಾತ್ರ. ಬೂದುಬಣ್ಣದ ಮಸಿಯೊಳಗಿಂದ ಹದಿನೇಳೂ ಅಂಕೆಗಳು ಬೆಳ್ಳಗೆ ಮೂಡಿಬಂದ ಕಾಗದವನ್ನು ಹಿಡಿದು, ಕೂದಲಿಗೆ ಗ್ರೀಸು ಮೆತ್ತಿಕೊಂಡು ಹೊರಬರುವ ಗೃಹಸ್ಥನ ಮುಖದಲ್ಲಿ ಶಾಸನ ಓದಿದ ಸಂಶೋಧಕನ ಕಳೆಯಿರುತ್ತದೆ. ಈ ಅಚ್ಚು ಒಂದಲ್ಲ, ಪ್ರತಿ ನಮೂನೆಗೂ ಬೇಕೆಂದು ತಿಳಿಯುವುದು ಕೈ ತೊಳೆದ ಮೇಲೆ.

ವ್ಯಾನು ಊರಿಗೆ ಬಂದಾಗ ಊರಿನವರ ಪ್ರತಿಕ್ರಿಯೆ ಅಧ್ಯಯನಯೋಗ್ಯವಾದದ್ದು. ಎತ್ತರದ ಮೈ, ಪಕ್ಕದಲ್ಲಿ ಕಿಟಕಿ, ಪರದೆ, ಛಾವಣಿಯ ಮೇಲೊಂದು ತೂಬು ಇರುವ ಗಾಡಿಯನ್ನು ಕಂಡವರು ತಮಗೆ ಪರಿಚಿತವಾದ ವರ್ಗವೊಂದಕ್ಕೆ ಅದನ್ನು ಸೇರಿಸಲು ಯತ್ನಿಸುತ್ತಾರೆ. ಕೆಲವರಿಗೆ ಅದು ಆಂಬ್ಯುಲೆನ್ಸ್, ‘ಮೇಷ್ಟ್ರಿಗೆ ಏನಾಯ್ತಂತೆ?’ ಎಂದು ಮನೆಗೆ ಧಾವಿಸಿ ಬರುವವರು ಈ ಗುಂಪಿನವರು. ‘ಯಾವ ಪಾರ್ಟಿದಣ್ಣ ಇದು?’ ಎನ್ನುವವರಿಗೆ ಅದು ಚುನಾವಣೆಯ ಪ್ರಚಾರ ರಥ, ಮತ್ತು ಈ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ನಿರೀಕ್ಷೆಯೇ ಹೆಚ್ಚು. ಉಳಿದವರೆಲ್ಲ ಅದನ್ನು ಸಿನಿಮಾದ ಕ್ಯಾರವಾನ್ ಎಂದು ತಿಳಿಯುತ್ತಾರೆ, ಏಕೆಂದರೆ ಕನ್ನಡ ನಾಡಿನಲ್ಲಿ ಕ್ಯಾರವಾನ್ ಎಂದರೆ ನಟನಟಿಯರು ಎರಡು ದೃಶ್ಯಗಳ ನಡುವೆ ಒಳಹೊಕ್ಕು ಬಾಗಿಲು ಹಾಕಿಕೊಳ್ಳುವ ಗಾಡಿ. 1975ರಲ್ಲಿ ತೆರೆಕಂಡ ‘ಶೋಲೆ’ಯನ್ನು ಚಿತ್ರೀಕರಿಸಿದ ರಾಮದೇವರ ಬೆಟ್ಟ ಹತ್ತಿರದಲ್ಲೇ ಇರುವ ಸೀಮೆಯಲ್ಲಿ ಈ ಊಹೆಗೆ ಆಧಾರವಿಲ್ಲವೆನ್ನಲಾಗದು. ಹುಡುಗರು ಬಾಗಿಲ ಬಳಿ ಬಹಳ ಹೊತ್ತು ಕಾದು, ಒಳಗಿಂದ ನಟಿಯ ಬದಲು ಲುಂಗಿಯುಟ್ಟ ನಿವೃತ್ತರು ಸೌಟು ಹಿಡಿದು ಇಳಿದಾಗ ಮೌನವಾಗಿ ಚದುರುತ್ತಾರೆ.

ಊರಿನವರ ಈ ಗೊಂದಲವೇ ಸಾರಿಗೆ ಕಚೇರಿಯಲ್ಲಿ ಶಾಸ್ತ್ರೀಯ ರೂಪ ತಾಳುತ್ತದೆ. ತೆರಿಗೆ ಎಷ್ಟೆಂಬುದು ವಾಹನ ಏನೆಂಬುದನ್ನು ಅವಲಂಬಿಸಿದೆ, ಅದು ಏನೆಂಬುದು ಅದನ್ನು ನೋಡುವ ಮೋಟಾರು ವಾಹನ ನಿರೀಕ್ಷಕರನ್ನು, ಹಳಬರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರರನ್ನು, ಅವಲಂಬಿಸಿದೆ. ಕೇಂದ್ರ ಸರ್ಕಾರದ 2004ರ ಅಧಿಸೂಚನೆಯೊಂದು ವಾಹನಗಳನ್ನು ಸಾರಿಗೆ ಮತ್ತು ಸಾರಿಗೇತರ ಎಂದು ಎರಡು ಪಂಗಡ ಮಾಡಿದೆ. ಬಾಡಿಗೆ ಅಥವಾ ಸರಕಿಗಾಗಿ ಓಡುವುದು ಸಾರಿಗೆ, ಸ್ವಂತಕ್ಕೆ ಓಡುವುದು ಸಾರಿಗೇತರ ಎಂದು ಸ್ಥೂಲವಾಗಿ ತಿಳಿಯಬಹುದು. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಎರಡನೆಯ ಪಂಗಡದಲ್ಲಿದೆ ಎಂಬುದು ಸಂತೋಷದ ಸಂಗತಿ. ಆದರೆ ಆ ಪಟ್ಟಿಯಲ್ಲಿ ಅದರ ಒಡಹುಟ್ಟಿದವರು ಯಾರೆಂದು ನೋಡಿದರೆ ಕೊಳವೆಬಾವಿ ಕೊರೆಯುವ ರಿಗ್ಗು, ಕ್ರೇನು, ಫೋರ್ಕ್‌ಲಿಫ್ಟು, ಕೆಟ್ಟ ಗಾಡಿ ಎಳೆಯುವ ಟೋಯಿಂಗ್ ವಾಹನ, ಟ್ರ್ಯಾಕ್ಟರು ಮತ್ತು ಪವರ್ ಟಿಲ್ಲರು. ಇವರಲ್ಲಿ ಟ್ರ್ಯಾಕ್ಟರನ್ನು 2023ರ ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಹತ್ತಗೊಡದೆ ಪಕ್ಕದ ರಸ್ತೆಗೆ ಇಳಿಸಿದ್ದಾರೆ. ಬಳಗದಲ್ಲಿ ಮೇಲ್ಪಥದ ಯೋಗ ಉಳಿಸಿಕೊಂಡವರಲ್ಲಿ ವ್ಯಾನೂ ಒಂದು. ಕೆಂಗಲ್ಲು ಮಾತ್ರ ಹಳೆಯ ರಸ್ತೆಯ ಮೇಲೇ ಉಳಿಯಿತು, ಆದ್ದರಿಂದ ಆ ಯೋಗ ಅನುಭವಿಸಲು ವ್ಯಾನು ಮೊದಲು ಸುತ್ತುಹಾಕಿ ಹೋಗಬೇಕು.

ನಿರೀಕ್ಷಕರು ವ್ಯಾನಿನ ಒಳಗೆ ತಲೆ ಹಾಕಿದಾಗ ಎದುರಾಗುವ ಮುಖ್ಯ ಪ್ರಶ್ನೆ ಹಾಸಿಗೆಯದು. ಕಾನೂನಿನ 52ನೇ ಕಲಮು, ತಯಾರಕರು ಕೊಟ್ಟ ಮೂಲ ವಿವರಗಳಿಂದ ವಾಹನ ಬೇರೆಯಾಗುವಂತೆ ಮಾಲೀಕನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಗಟ್ಟಿಯಾಗಿ ಎತ್ತಿಹಿಡಿದಿದೆ. ಆದ್ದರಿಂದ ಅನುಮೋದಿತ ಮಾದರಿಯಂತೆ ಜೋಡಿಸಿದ ಹಾಸಿಗೆ ಸಕ್ರಮ. ಅದೇ ಅಳತೆಯ ಹಾಸಿಗೆಯನ್ನು ಚನ್ನಪಟ್ಟಣದ ಬಡಗಿಯೊಬ್ಬ ಸಾಮಾನು ಸಾಗಿಸುವ ವ್ಯಾನಿನೊಳಗೆ ಎಷ್ಟೇ ನಯವಾಗಿ ಕೂರಿಸಿದರೂ ಅದು ಅಕ್ರಮ. ಆಲೆಮರವನ್ನು ಕಡೆದು ಅರಗಿನ ಬಣ್ಣ ಹತ್ತಿಸುವ ಅದೇ ಊರಿನ ಕುಶಲಿಗರು ತಯಾರಿಸುವ ಮರದ ಕಾರು, ಬಸ್ಸು, ರೈಲುಗಳಿಗೆ ನೋಂದಣಿ ಬೇಡವಲ್ಲ ಎಂದು ಓದುಗರು ಸಮಾಧಾನಪಡಬಾರದು. 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ, ನೋಂದಾಯಿತ ಕರಕುಶಲಿಗಳಿಗೂ ಭೌಗೋಳಿಕ ಸೂಚಿಯುಳ್ಳ ಆಟಿಕೆಗಳಿಗೂ ಅದರಿಂದ ವಿನಾಯಿತಿ ಕೊಡಬೇಕಾಯಿತು. ಅಂಗೈಯಗಲದ ಮರದ ಕಾರು ಕೂಡ ಒಂದು ಕಾಗದದ ಆಸರೆಯಿಂದಲೇ ಓಡುತ್ತಿದೆ.

ಇನ್ನು ವಿಳಾಸದ ಪುರಾವೆ. ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ತಿರುಳು ಇದೇ. ಚಲಿಸುವ ಮನೆಯೊಂದನ್ನು ಹೊಂದಲು ಸರ್ಕಾರದ ಅನುಮತಿ ಬೇಡುವವನು, ತನಗೆ ಚಲಿಸದ ಮನೆಯೊಂದಿದೆ ಎಂದು ಮೊದಲು ಸಾಬೀತು ಮಾಡಬೇಕು. ವ್ಯಾನಿನಲ್ಲೇ ವಾಸಿಸುತ್ತೇನೆಂದು ಅರ್ಜಿಯ ವಿಳಾಸದ ಅಂಕಣದಲ್ಲಿ ವ್ಯಾನಿನ ಸಂಖ್ಯೆಯನ್ನೇ ಬರೆಯಲು ಅವಕಾಶವಿಲ್ಲ, ಏಕೆಂದರೆ ಸಂಖ್ಯೆ ಬರುವುದು ವಿಳಾಸದ ನಂತರ. ಕೆಂಗಲ್ಲಿನವರಿಗೆ ಇದರಲ್ಲಿ ಇನ್ನೊಂದು ವಿಶೇಷ ತೊಡಕಿದೆ. ಇಲ್ಲಿ ಅಜ್ಜನ ಕಾಲದಿಂದ ಒಂದು ಅಂಗುಲವೂ ಕದಲದೆ ನಿಂತ ಹೆಂಚಿನ ಮನೆ, 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿತ್ತು. ಆ ವರ್ಷ ಜಿಲ್ಲೆ ಒಡೆದಾಗ ಬೆಂಗಳೂರು ಗ್ರಾಮಾಂತರಕ್ಕೆ ಹೋಯಿತು. 2007ರಲ್ಲಿ ಹೊಸ ರಾಮನಗರ ಜಿಲ್ಲೆಗೆ ಬಂತು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟವು ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲು ಒಪ್ಪಿದ್ದರಿಂದ ಅಲ್ಲಿಗೂ ತಲುಪಿತು. ರಾಮನಗರ ಪಟ್ಟಣವೇ ಒಂದು ಕಾಲಕ್ಕೆ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಕ್ಲೋಸ್‌ಪೇಟೆಯಾಗಿತ್ತು. ಹೀಗೆ ಗೃಹಸ್ಥನ ಹುಟ್ಟಿದ ದಾಖಲೆ ಒಂದು ಜಿಲ್ಲೆಯದು, ಪಹಣಿ ಇನ್ನೊಂದರದು, ಆಧಾರ್ ಮತ್ತೊಂದರದು. ಪತ್ರಿಕೆಯಲ್ಲಿ ಬರುವುದು ನಾಲ್ಕನೆಯದು. ಗಾಲಿಯಿಲ್ಲದ ಮನೆ ಇಷ್ಟೆಲ್ಲ ಸಂಚಾರ ಮಾಡಿರುವಾಗ, ಗಾಲಿಯಿರುವ ಮನೆ ಅರ್ಜಿಯ ವಿಲೇವಾರಿಯವರೆಗೆ ಹಿತ್ತಲ ಹಲಸಿನ ಮರದ ಕೆಳಗೆ ಕದಲದೆ ನಿಂತಿರುತ್ತದೆ.

ಇದೇ ಊರಿನ ಹೆಸರನ್ನು ತಮ್ಮ ಹೆಸರಿನೊಂದಿಗೆ ಧರಿಸಿದ್ದ ಕೆಂಗಲ್ ಹನುಮಂತಯ್ಯನವರು 1952ರಿಂದ 1956ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದು, ಸರ್ಕಾರದ ಕೆಲಸವನ್ನು ದೇವರ ಕೆಲಸವೆಂದು ವಿಧಾನಸೌಧದ ಹಣೆಯ ಮೇಲೆ ಕೆತ್ತಿಸಿದರು. ಅದು ದೇವರ ಕೆಲಸವೇ ಎಂಬುದರಲ್ಲಿ ಕೆಂಗಲ್ಲಿನ ಅರ್ಜಿದಾರನಿಗೆ ಸಂಶಯ ಉಳಿಯುವುದಿಲ್ಲ; ಸಾಲು, ಹಣ್ಣುಕಾಯಿ, ಗರ್ಭಗುಡಿಯ ಬಾಗಿಲು ಹಾಕುವ ಹೊತ್ತು, ಹೊರಗೆ ಹೊಂಗೆ ಮರದ ಕೆಳಗೆ ಜೆರಾಕ್ಸ್ ಯಂತ್ರದ ಪಕ್ಕ ಕೂತು ಬೇಗ ದರ್ಶನ ಮಾಡಿಸುವ ಭರವಸೆ ಕೊಡುವ ಏಜೆಂಟರು, ಒಂದೂ ಕಡಿಮೆಯಿಲ್ಲ. ಹನುಮಂತಯ್ಯನವರ ಬದುಕಿನ ಇನ್ನೊಂದು ಅಧ್ಯಾಯ ಅಷ್ಟಾಗಿ ಪ್ರಚಾರದಲ್ಲಿಲ್ಲ. 1966ರಲ್ಲಿ ನೇಮಕವಾದ ಭಾರತದ ಮೊದಲ ಆಡಳಿತ ಸುಧಾರಣಾ ಆಯೋಗಕ್ಕೆ, ಮೊರಾರ್ಜಿ ದೇಸಾಯಿಯವರು ಉಪಪ್ರಧಾನಿಯಾಗಿ ತೆರಳಿದ ಮೇಲೆ, ಹನುಮಂತಯ್ಯನವರೇ ಅಧ್ಯಕ್ಷರಾದರು. ಆಯೋಗವು 20 ವರದಿಗಳಲ್ಲಿ 537 ಮುಖ್ಯ ಶಿಫಾರಸುಗಳನ್ನು ಮಾಡಿತು. ದೇಶದ ಕಚೇರಿಗಳ ನಡೆಯನ್ನು ಸರಳಗೊಳಿಸುವ ಭಾರ ಹೊತ್ತವರು ಈ ಮಣ್ಣಿನವರೇ ಎಂಬ ಅಭಿಮಾನವನ್ನು ಗೃಹಸ್ಥನು ಸರತಿಯಲ್ಲಿ ನಿಂತು ಪಕ್ಕದವರೊಡನೆ ಹಂಚಿಕೊಳ್ಳಬಹುದು. ಅದಕ್ಕೆ ಸಾಕಷ್ಟು ಸಮಯ ಇರುತ್ತದೆ, ಮುಖ್ಯವಾಗಿ ಸರ್ವರ್ ಡೌನ್ ಆಗಿರುವ ದಿನಗಳಲ್ಲಿ.

ತೆರಿಗೆಯ ಬಗ್ಗೆ ಹೆಚ್ಚು ಹೇಳುವುದು ಬೇಡ. ಓದುಗರ ಮನಸ್ಸು ನೋಯುತ್ತದೆ. ಕರ್ನಾಟಕದಲ್ಲಿ ಕಾರುಗಳ ಜೀವಾವಧಿ ತೆರಿಗೆ ಬೆಲೆಗೆ ತಕ್ಕಂತೆ ನೂರಕ್ಕೆ 13ರಿಂದ 18ರವರೆಗೆ ಏರುತ್ತದೆ, ಅದರ ಮೇಲೆ ಸೆಸ್ಸು; ಹೊರರಾಜ್ಯದಿಂದ ಬಂದ ಹಳೆಯ ಗಾಡಿಗೆ ಅದರ ವಯಸ್ಸು ನೋಡಿ ಇಳಿಸುತ್ತಾರೆ. ಜೀವಾವಧಿ ಎಂದರೆ ಯಾರ ಜೀವಾವಧಿ ಎಂಬ ಸಂದೇಹ ಅರುವತ್ತು ದಾಟಿದ ಅರ್ಜಿದಾರರಿಗೆ ಬರುವುದುಂಟು. ಅದು ವಾಹನದ್ದು, ಸಾರಿಗೇತರ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ ಬೇಡುತ್ತದೆ. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಸಲ್ಲಿಸಬೇಕಾಗಿರುವುದನ್ನು ಗಮನಿಸಿದರೆ, ಈ ವಿಷಯದಲ್ಲಿ ಸರ್ಕಾರಕ್ಕೆ ಮನುಷ್ಯರಿಗಿಂತ ವ್ಯಾನುಗಳ ಮೇಲೆ ವಿಶ್ವಾಸ ಹೆಚ್ಚೆಂದು ತೋರುತ್ತದೆ.

ಹೀಗೆ 27ನೇ ನಮೂನೆಯ ಅರ್ಜಿ, ಮಾಲೀಕತ್ವ ಬದಲಾವಣೆಯ 29 ಮತ್ತು 30ನೇ ನಮೂನೆಗಳು, ವಿಮೆ, ಹೊಗೆ ತಪಾಸಣೆಯ ಚೀಟಿ, ತೆರಿಗೆ ರಸೀದಿ ಎಲ್ಲವೂ ಕೂಡಿಬಂದ ಒಂದು ದಿನ ವ್ಯಾನಿಗೆ ಕೆಎ 42 ಎಂದು ಆರಂಭವಾಗುವ ಸಂಖ್ಯೆ ದೊರೆಯುತ್ತದೆ. ಅಶೋಕಚಕ್ರದ ಹೊಲೊಗ್ರಾಮ್ ಹೊಂದಿದ, ಒಮ್ಮೆ ಕೂರಿಸಿದರೆ ಮುರಿಯದೆ ಬಿಚ್ಚಲಾಗದ ಬೀಗದ ಫಲಕವನ್ನು ಮುಂದೊಂದು ಹಿಂದೊಂದು ಹೊಡೆದು, ಆಂಜನೇಯನ ಗುಡಿಯ ಮುಂದೆ ಪೂಜೆ ಮಾಡಿಸಿ, ನಾಲ್ಕು ಗಾಲಿಯ ಕೆಳಗೂ ನಿಂಬೆಹಣ್ಣು ಇಟ್ಟು ಹತ್ತಿಸುತ್ತಾರೆ. ಕೊಡಗಿಗೋ ಕನ್ಯಾಕುಮಾರಿಗೋ ಎಂದು ದಂಪತಿ ನಕ್ಷೆ ಬಿಡಿಸುವ ಹೊತ್ತಿಗೆ, ಮೊದಲ ರಾಜ್ಯಕ್ಕೆ ಕಟ್ಟಿದ್ದ ಜೀವಾವಧಿ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಹಿಂದಕ್ಕೆ ಕೇಳಬಹುದೆಂಬ ಸಂಗತಿಯನ್ನು ಏಜೆಂಟರು ನೆನಪಿಸುತ್ತಾರೆ. ಅದಕ್ಕೆ ಹೊಸ ನೋಂದಣಿ ಪುಸ್ತಕದ ಪ್ರತಿ, ಹಳೆಯ ರಸೀದಿ, ಬ್ಯಾಂಕಿನ ವಿವರಗಳೊಡನೆ ಹಳೆಯ ಕಚೇರಿಗೇ ಹೋಗಿ ಅರ್ಜಿ ಕೊಡಬೇಕು, ಒಂದೇ ಭೇಟಿಯಲ್ಲಿ ಕೆಲಸ ಆಗುವ ಖಾತರಿಯಿಲ್ಲ, ಹೊತ್ತಿಗೆ ಮುಂಚೆ ಹೋಗಿ ಟೋಕನ್ ಹಿಡಿಯುವುದು ಕ್ಷೇಮ. ಹೀಗಾಗಿ ಗೃಹಿಣಿಯು ರಾಗಿಹಿಟ್ಟು, ಕವೆಗೋಲು, ಎರಡು ಕಂಬಳಿ, ಮೂರು ದಿನಕ್ಕಾಗುವಷ್ಟು ಹುರುಳಿಕಾಳನ್ನು ಕಪಾಟಿಗೆ ತುಂಬಿಸಿಕೊಳ್ಳುತ್ತಾಳೆ, ಮತ್ತು ವ್ಯಾನು ತನ್ನ ಮೊದಲ ಪ್ರವಾಸಕ್ಕೆ ಹೊಸೂರಿನ ದಾರಿ ಹಿಡಿಯುತ್ತದೆ.